ಗಾಜಿಗೆ ನೆಟ್ ಕಟ್ಟಿದ ಶೋರೂಮ್

ನಮ್ಮ ಕಲಬುರಗ್ಯಾಗ ಆರ್ಕಿಟೆಕ್ಟ್ ಅನ್ನೋ ಪದ ಯಾರ ಬಾಯಾಗೂ ಬರಂಗಿಲ್ಲ, ಎಲ್ಲರೂ ಇಂಜಿನಿಯರ್ ಸಾಬ್ ಅಂತಾರ, ಮತ್ತ ನಮ್ಮ ಹತ್ರ ಬರೋದು ಎರಡೇ ಕೆಲಸಕ್ಕ, ಒಂದು ಪ್ಲಾನ್ ಪಾಸ್ ಮಾಡಸ್ಲಾಕ, ಇನ್ನೊಂದು ಎಲಿವೇಶನ್ ತೆಗಸ್ಲಾಕ. ಎಲಿವೇಶನ್ ಅಂದ್ರ ಬಿಲ್ಡಿಂಗಿನ ಮಾರಿ. ಒಳಗ ಮೆಟ್ಟಲು ಎಲ್ಲಿ ಬರಬೇಕು, ಗಾಳಿ ಎಲ್ಲಿಂದ ಬರಬೇಕು, ಅದೆಲ್ಲಾ ಗೌಂಡಿ ನೋಡ್ಕೋತಾನ. ನಾ ಇದನ್ನ ತಕರಾರು ಅಂತ ಹೇಳ್ಲಾಕತ್ತಿಲ್ಲ, ಖರೇ ಹೇಳಬೇಕಂದ್ರ ನನ್ನ ಹೊಟ್ಟಿ ತುಂಬೋದೇ ಎಲಿವೇಶನ್‌ದಿಂದ.

ಮೂರು ವರ್ಷದ ಹಿಂದ ಒಬ್ಬರು ದಾಲ್ ಮಿಲ್ ಸಾಹುಕಾರ್ರು ಬಂದ್ರು. ಅಜ್ಜನ ಕಾಲದಿಂದ ತೊಗರಿ ವ್ಯಾಪಾರ, ಗಂಜ್‌ದಾಗ ಎಲ್ಲರಿಗೂ ಗೊತ್ತಿರೋರು, ಆದ್ರ ಮಗಗ ಮಿಲ್ಲಿನ ಧೂಳು ಬ್ಯಾಡಾಗ್ಯದ, ಕಾರ್ ಡೀಲರ್‌ಶಿಪ್ ತಗೊಂಡಾನ. ಹುಮನಾಬಾದ್ ರೋಡಿಗೆ ಜಾಗ ಅದ, ರೋಡಿಗೆ 120 ಅಡಿ, ಒಳಗ 160 ಅಡಿ. ಜಾಗದಾಗ ಒಂದು ದೊಡ್ಡ ಬೇವಿನ ಗಿಡ ಇತ್ತಂತ, ನಾ ನೋಡ್ಲಾಕ ಹೋಗೋದ್ರಾಗ ಕಡದು ಬಿಟ್ಟಿದ್ರು, ಬೊಡ್ಡಿ ಅಷ್ಟೇ ಇತ್ತು. "ಮುಂದ ಶೋರೂಮ್, ಬಾಜುಕ ಬಾಡಗಿ ಅಂಗಡಿ, ಮ್ಯಾಲ ಆಫೀಸು ದವಾಖಾನಿ ಕೋಚಿಂಗ್ ಕ್ಲಾಸು ಯಾರ್ ಬರ್ತಾರೋ ಬರಲಿ. ಕಾರ್ ಹೋದ್ರೂ ರೊಕ್ಕ ಬರಬೇಕು, ಹೋಗಲಿಲ್ಲಂದ್ರೂ ಬರಬೇಕು ನೋಡ್ರಿ ಇಂಜಿನಿಯರ್ ಸಾಬ್" ಅಂದ್ರು. ಮಿಕ್ಸೆಡ್ ಯೂಸ್ ಅಂತ ನಾವು ಕಾಲೇಜಿನಾಗ ಎರಡು ಸೆಮಿಸ್ಟರ್ ಬಡದಾಡಿದ್ದನ್ನ ಸಾಹುಕಾರ್ರು ಒಂದೇ ಉಸುರಿನಾಗ ಹೇಳಿ, ಸಾಸರ್‌ಗೆ ಚಹಾ ಸುರುವಿಕೊಂಡ್ರು.

ಮುಂದಿನ ವಾರ ಕಾರ್ ಕಂಪನಿ ಕಡೆಯಿಂದ ಒಂದು ಪಿಡಿಎಫ್ ಬಂತು. ಯಾವ ಕಂಪನಿ ಅಂತ ಹೇಳೋದು ಬ್ಯಾಡ, ಎಲ್ಲಾ ಕಂಪನಿಯವೂ ಹೆಚ್ಚುಕಮ್ಮಿ ಹಿಂಗೇ ಇರ್ತಾವ. ಬೋರ್ಡ್ ಎಷ್ಟು ಎತ್ತರ, ಟೈಲ್ಸ್ ಯಾವ ಬಣ್ಣ, ಲೈಟು ಎಷ್ಟು ಬೆಳ್ಳಗಿರಬೇಕು, ರಿಸೆಪ್ಶನ್ ಟೇಬಲ್ಲಿನ ಮೂಲಿ ಎಷ್ಟು ದುಂಡಗಿರಬೇಕು, ಸೋಫಾದ ಬಟ್ಟಿ ಯಾವುದು, ಎಲ್ಲಾ ಬರದಿಟ್ಟಾರ. ಶಿಮ್ಲಾಕ್ಕೂ ಅದೇ, ಶಹಾಪುರಕ್ಕೂ ಅದೇ. ಅದರಾಗ ಒಂದು ಪೇಜಿನ ತುಂಬಾ ಗಾಜಿನ ವಿಚಾರ, ರೋಡಿನ ಕಡೆ ಮಾರಿ ಪೂರ್ತಿ ಗಾಜು ಇರಬೇಕು, ಎರಡು ಮಜಲಿನಷ್ಟು ಎತ್ತರ, ಮುಂದ ಏನೂ ಅಡ್ಡ ಬರಬಾರದು. ನಮ್ಮ ಲೆಕ್ಕಕ್ಕ ಅದು 70 ಅಡಿ ಉದ್ದ 20 ಅಡಿ ಎತ್ತರ ಆಯ್ತು. ನಾ ಒಂದು ಕೈಯಾಗ ಪಿಡಿಎಫ್ ಹಿಡಕೊಂಡು, ಇನ್ನೊಂದು ಕೈಯಾಗ ಫೋನಿನಾಗಿನ ಕಂಪಾಸ್ ಹಿಡಕೊಂಡು ಜಾಗದಾಗ ನಿಂತೆ. ಜಾಗದ ಮಾರಿ ನೇರ ಪಶ್ಚಿಮಕ್ಕ.

ಹೊರಗಿನವರಿಗೆ ಇದು ಎಂಥಾ ಸುದ್ದಿ ಅಂತ ಗೊತ್ತಾಗಂಗಿಲ್ಲ. ನಮ್ಮ ಊರು ಇರೋದು 17 ಡಿಗ್ರಿ ಚಿಲ್ಲರ ಅಕ್ಷಾಂಶದ ಮ್ಯಾಲ, ಮೇ ಎರಡನೇ ವಾರದ ಸುಮಾರಿಗೆ ಮಧ್ಯಾಹ್ನ 12 ಗಂಟಿ 20 ನಿಮಿಷಕ್ಕ ಸೂರ್ಯ ನೆತ್ತಿ ಮ್ಯಾಲ ಸರಿಯಾಗಿ ಬಂದು ನಿಲ್ತಾನ, ಕಂಬಕ್ಕ ನೆರಳೇ ಇರಂಗಿಲ್ಲ, ಆಮ್ಯಾಲ ಆಗಸ್ಟ್ ಮೊದಲ ವಾರದ ತನಕ ಮಧ್ಯಾಹ್ನದ ಸೂರ್ಯ ಉತ್ತರದ ಕಡೆ ಸರದಿರ್ತಾನ. ನೆತ್ತಿ ಮ್ಯಾಲಿನ ಬಿಸಲಿಗೆ ಸ್ಲ್ಯಾಬ್ ಅಡ್ಡ ಅದ, ಅದರ ಚಿಂತಿಲ್ಲ. ಚಿಂತಿ ಇರೋದು ಮೂರು ಗಂಟಿ ಮ್ಯಾಲಿನ ಬಿಸಲಿಂದು. ಅದು ಮ್ಯಾಲಿನಿಂದ ಬರಂಗಿಲ್ಲ, ಎದುರಿಗೆ ಬರ್ತದ, ಸಾಲ ಕೇಳೋರು ಬಂದಂಗ, ಬಾಗಲದಾಗ ನಿಂತು ಒಳಗ ಇಣಿಕಿ ನೋಡ್ತದ.

ಆ ರಾತ್ರಿ ಲೆಕ್ಕ ಹಾಕಿದೆ. 1,400 ಚದರಡಿ ಗಾಜು ಅಂದ್ರ 130 ಚದರ ಮೀಟರ್. ಬ್ಯಾಸಗಿ ಸಂಜಿ ಮುಂದ ಪಶ್ಚಿಮದ ಗ್ವಾಡಿಗೆ ಬೀಳೋ ಬಿಸಲು ಚದರ ಮೀಟರಿಗೆ 650 ವ್ಯಾಟ್ ಅಂತ ಹಿಡದ್ರ, ಸಾದಾ ಗಾಜು ಅದರಾಗಿನ ಮುಕ್ಕಾಲು ಪಾಲಿಗಿಂತ ಜಾಸ್ತಿ ಒಳಗ ಬಿಡ್ತದ, ಒಟ್ಟು 66 ಕಿಲೋವ್ಯಾಟ್ ಸುಮಾರು ಆಗ್ತದ. ಎಸಿ ಒಂದು ಟನ್ ಅಂದ್ರ 3.5 ಕಿಲೋವ್ಯಾಟ್ ಸೆಕೆ ಹೊರಗ ಹಾಕೋದು. ಅಂದ್ರ ಬರೇ ಆ ಗಾಜಿನಿಂದ ಒಳಗ ಬಂದ ಸೆಕೆ ಹೊರಗ ಹಾಕ್ಲಾಕ 18 ಟನ್ ಮ್ಯಾಲ ಎಸಿ ಬೇಕು, ಬೆಡ್‌ರೂಮಿಗೆ ಹಾಕ್ತೀವಲ್ಲ ಒಂದೂವರೆ ಟನ್ನಿಂದು, ಅಂಥವು ಹದಿಮೂರು. ಇದರಾಗ ಮಂದಿ ಸೆಕೆ ಸೇರಿಲ್ಲ, ಲೈಟಿಂದು ಸೇರಿಲ್ಲ, ಕಾರ್ ಒಳಗ ಹೊರಗ ತರೋ ಮುಂದ ಬಾಗಲ ತೆರದಿದ್ದೂ ಸೇರಿಲ್ಲ. ಮರುದಿನ ಸಾಹುಕಾರ್ರಿಗೆ ಹೇಳಿದೆ. ಅವರು ಸಲ್ಪ ಹೊತ್ತು ಸುಮ್ಮನಿದ್ದು "ತಿಂಗಳಿಗೆ ಕರೆಂಟ್ ಬಿಲ್ ಎಷ್ಟು ಬರ್ತದ ಅದನ್ನಷ್ಟೇ ಹೇಳ್ರಿ" ಅಂದ್ರು. ಹೇಳಿದೆ. ಮಗನ ಮಾರಿ ನೋಡಿದ್ರು.

ಗಾಜಿಗೆ ಚಜ್ಜಾ ಹಾಕಿದ್ರ ಆಯ್ತಲ್ಲ ಅಂತ ನಿಮಗ ಅನಸಬಹುದು. ಮಗನೂ ಅದೇ ಅಂದ, 10 ಅಡಿ ಚಜ್ಜಾ ಹಾಕೋಣ, ನೋಡ್ಲಾಕೂ ಭಾರಿ ಕಾಣ್ತದ. ಆದ್ರ ಪಶ್ಚಿಮದ ಬಿಸಲು ಚಜ್ಜಾದ ಮಾತು ಕೇಳಂಗಿಲ್ಲ. ಮೇ ತಿಂಗಳ ನಾಲ್ಕು ಗಂಟಿಗೆ ಸೂರ್ಯ ಇರೋದು ನೆಲದಿಂದ 38 ಡಿಗ್ರಿ ಎತ್ತರಕ್ಕ, 20 ಅಡಿ ಮ್ಯಾಲ 10 ಅಡಿ ಹೊರಗ ಬಂದ ಚಜ್ಜಾದ ನೆರಳು ಗಾಜಿನ ಮ್ಯಾಲ ಇಳಿಯೋದು 8 ಅಡಿ ಆದ್ರ ಹೆಚ್ಚು. ಐದು ಗಂಟಿಗೆ ನಾಲ್ಕೂವರೆ ಅಡಿ ಅಷ್ಟೇ. ತಳಗಿನ 12 ಅಡಿ, ಅಂದ್ರ ಕಾರು ನಿಂತಿರೋ ಜಾಗ, ಸೇಲ್ಸ್ ಹುಡುಗರು ನಿಂತಿರೋ ಜಾಗ, ಅಲ್ಲೇ ಬಿಸಲು ಬೀಳ್ತದ. ನೆರಳು ಬೇಕಂದ್ರ ಚಜ್ಜಾ ತಳಗ ಬರಬೇಕು. ಹನ್ನೊಂದು ಹನ್ನೆರಡು ಅಡಿ ಎತ್ತರಕ್ಕ, ಅಷ್ಟೇ ಆಳದ ಒಂದು ಪಡಸಾಲಿ ಬಿಲ್ಡಿಂಗಿನ ಮುಂದ ಈ ತುದಿಯಿಂದ ಆ ತುದಿ ತನಕ ಹೋಗಬೇಕು, ಗಾಜು ಅದರ ಹಿಂದ ಇರಬೇಕು, ಮ್ಯಾಲಿನ ಪಾಲು ಗ್ವಾಡಿ ಮಾಡಿ ಅಲ್ಲಿ ಬೋರ್ಡ್ ಹಾಕಬೇಕು.

ಇದು ನನ್ನ ತಲಿಯಾಗಿಂದ ಹುಟ್ಟಿದ್ದಲ್ಲ. ಸಣ್ಣಾಂವ ಇದ್ದಾಗ ಬ್ಯಾಸಗಿ ರಜಾದಾಗ ನಾವು ಹುಡುಗರು ಕಿಲ್ಲೇದಾಗ ಆಡ್ಲಾಕ ಹೋಗ್ತಿದ್ವಿ, ಬಿಸಲು ಹತ್ತಿದ ಮ್ಯಾಲ ಜಾಮಿ ಮಸೀದಿ ಹತ್ರ ಬಂದು ಕೂಡೋದು. 1367ರಾಗ ಕಟ್ಟಿದ್ದು, 216 ಅಡಿಗೆ 176 ಅಡಿ. ಬ್ಯಾರೆ ಕಡೆ ದೊಡ್ಡ ಮಸೀದಿ ಅಂದ್ರ ನಡುವ ಬಯಲು ಇರ್ತದ, ಇದರಾಗ ಬಯಲೇ ಇಲ್ಲ, ಪೂರ್ತಿ ಗುಮ್ಮಟದಿಂದ ಮುಚ್ಯಾರ, ಬೆಳಕು ಬರೋದು ಬಾಜುವಿನ ಕಮಾನಿನಿಂದ. ಆ ಹೊರಗಿನ ಕಮಾನು ನೋಡ್ರಿ ಒಂದ್ಸಲ, ಭಾಳ ಅಗಲ ಅವ, ಆದ್ರ ಬಾಗು ಶುರುವಾಗೋದು ತೀರಾ ತಳಗಿನಿಂದ, ಗಾಳಿಗೆ ದಾರಿ ದೊಡ್ಡದು, ಬಿಸಲಿಗೆ ಸಣ್ಣದು. ಮತ್ತ ಕಮಾನು ಇರೋದು ಮೂರು ದಿಕ್ಕಿಗೆ ಅಷ್ಟೇ, ಪಶ್ಚಿಮಕ್ಕ ಕಿಬ್ಲಾದ ಗ್ವಾಡಿ. ಅದು ಪ್ರಾರ್ಥನಾ ದಿಕ್ಕು ಅಂತ ಮುಚ್ಚಿದ್ದು, ಬಿಸಲಿನ ಸಲುವಾಗಿ ಅಲ್ಲ, ಗೊತ್ತದ ನನಗ. ಆದ್ರ ಸಂಜಿ ನಾಲ್ಕಕ್ಕ ಒಳಗ ನಿಂತೋರಿಗೆ ಅದರ ಲಾಭ ಸಿಕ್ಕೇ ಸಿಗ್ತದ. ಈ ಊರಾಗ 650 ವರ್ಷದ ಹಿಂದ ಕಟ್ಟಿದವರು ಪಶ್ಚಿಮಕ್ಕ ಗ್ವಾಡಿ ಇಟ್ರು, ನಾ ಪಶ್ಚಿಮಕ್ಕ 1,400 ಚದರಡಿ ಗಾಜು ಇಡ್ಲಾಕತ್ತೀನಿ.

ಪಡಸಾಲಿ ಡ್ರಾಯಿಂಗ್ ಕಂಪನಿಗೆ ಕಳಸಿದ್ವಿ. ಹದಿನೈದು ದಿನಕ್ಕ ವಾಪಸ್ ಬಂತು, ಕೆಂಪು ಗೆರಿ ಹೊಡದು. ರೋಡಿನ ಮ್ಯಾಲ ಹೋಗೋ ಮಂದಿಗೆ ಕಾರು ಕಾಣಂಗಿಲ್ಲ ಅಂತ. ನಾ ಮತ್ತ ಬರದೆ, ಮತ್ತ ಬಂತು. ಮೂರನೇ ಸಲ ಸಾಹುಕಾರ್ರೇ ಅಂದ್ರು, "ಬಿಡ್ರಿ ಸಾಬ್, ಡೀಲರ್‌ಶಿಪ್ ಕೊಡೋರು ಅವರು, ಹೆಣ್ಣು ಕೊಡೋರ ಜೋಡಿ ಜಗಳಾ ಮಾಡಿದಂಗಾಗ್ತದ." ಕಡೀಕ ಒಂದು ಒಪ್ಪಂದ ಆಯ್ತು, ಒಪ್ಪಂದ ಅಂದ್ರ ನಾ ಸೋತೆ. ಶೋರೂಮಿನ 70 ಅಡಿಗೆ ಕಂಪನಿ ಹೇಳಿದಂಗ ಪೂರಾ ಗಾಜು, ಮ್ಯಾಲ 20 ಅಡಿ ಎತ್ತರಕ್ಕ 10 ಅಡಿ ಚಜ್ಜಾ. ಬಾಜುಕಿನ ಮೂರು ಅಂಗಡಿಗೆ ಕಂಪನಿ ಮಾತು ನಡಿಯಂಗಿಲ್ಲ, ಅಲ್ಲಿ ನನ್ನ ಪಡಸಾಲಿ, 12 ಅಡಿ ಎತ್ತರ 12 ಅಡಿ ಆಳ. ಗಾಜು ಸಾದಾ ಬ್ಯಾಡ, ಎರಡು ಪದರದ್ದು, ಸೆಕೆ ತಡಿಯೋ ಕೋಟಿಂಗ್ ಇದ್ದದ್ದು ಹಾಕ್ರಿ ಅಂತ ಹಟ ಹಿಡದೆ, ಅರ್ಧಕ್ಕ ಒಪ್ಪಿದ್ರು, ರೇಟ್ ನೋಡಿದ ಮ್ಯಾಲ ಉಳದರ್ಧಕ್ಕ ಒಪ್ಪಲಿಲ್ಲ.

ಇನ್ನ ಪಾರ್ಕಿಂಗ್. ಕಾರ್ ಮಾರೋ ಜಾಗದಾಗ ಕಾರ್ ನಿಲ್ಲಸ್ಲಾಕ ಜಾಗ ಇಲ್ಲಂದ್ರ ಮಂದಿ ನಗ್ತಾರ. ಸಾಹುಕಾರ್ರಿಗೆ ಸೆಲ್ಲರ್, ಅಂದ್ರ ನೆಲದ ತಳಗಿನ ಮಜಲು, ಬೇಕಿತ್ತು, ಹೈದರಾಬಾದಿನಾಗ ಎಲ್ಲಾ ಕಾಂಪ್ಲೆಕ್ಸಿಗೂ ಅದ, ನಮಗೂ ಇರಲಿ ಅಂತ. ನಾ ಒಂದು ಹಾಳಿ ಮ್ಯಾಲ ಗೆರಿ ಎಳದು ತೋರಿಸಿದೆ. ಸೆಲ್ಲರ್ 11 ಅಡಿ ಕೆಳಗ ಹೋಗಬೇಕಂದ್ರ, 10 ಅಡಿ ನಡದ್ರ ಒಂದು ಅಡಿ ಇಳಿಯೋ ಲೆಕ್ಕದಾಗ, ರ್‍ಯಾಂಪ್ 110 ಅಡಿ ಉದ್ದ ಬೇಕು. ನಮ್ಮ ಜಾಗ ಆಳ 160, ಮುಂದ ಹಿಂದ ಬಿಡೋದು ಬಿಟ್ರ ಉಳಿಯೋದು 130 ಸುಮಾರು. 12 ಅಡಿ ಅಗಲದ ರ್‍ಯಾಂಪ್ ಅಂದ್ರ 1,320 ಚದರಡಿ ನೆಲ ಹೋಯ್ತು, ರೋಡಿನ ಮಗ್ಗಲದ ನೆಲ, ಅದೂ ಇಳಿಯೋದಕ್ಕ ಅಷ್ಟೇ, ಏರೋ ಗಾಡಿ ಎದುರು ಬಂದ್ರ ಒಬ್ಬರು ಹಿಂದ ಸರೀಬೇಕು. "ಕಡದ ಮಾಡ್ರಿ, ಆರಕ್ಕ ಒಂದು" ಅಂದ್ರು. ಆರಕ್ಕ ಒಂದು ಮಾಡಿದ್ರ ಹೊಸಾ ಕಾರಿನ ಮುಂದಿನ ಬಂಪರ್ ಇಳಿಯೋ ಕಡೆ ನೆಲಕ್ಕ ಕುಟ್ಟತದ, ಏರಿ ಮುಗಿಯೋ ಕಡೆ ಹೊಟ್ಟಿ ತಾಗತದ, ಶೋರೂಮಿನಿಂದ ಹೊರಗ ಬಂದ ದಿನಾನೇ ಗಿರಾಕಿ ಸರ್ವಿಸಿಗೆ ವಾಪಸ್ ಬರ್ತಾನ. ಇದಕ್ಕ ಮಗ ನಕ್ಕ, ಸಾಹುಕಾರ್ರು ನಗಲಿಲ್ಲ.

ಅದೂ ಅಲ್ದ ನಮ್ಮದು ಎರಿ ಮಣ್ಣು. ಮಳಿ ಬಂದ್ರ ಉಬ್ಬತದ, ಬ್ಯಾಸಗ್ಯಾಗ ಕೈ ಹೋಗೋವಷ್ಟು ಬಿರಕ ಬಿಡ್ತದ. ತೊಗರಿಗೆ ಬಂಗಾರ, ಪಾಯಾಕ್ಕ ಯಮ. ಅದರಾಗ ಸೆಲ್ಲರಿನ ಗ್ವಾಡಿ ಕಟ್ಟಿದ್ರ ಸುತ್ತಲಿನ ಮಣ್ಣು ಪ್ರತಿ ಮಳಿಗಾಲ ಒಳಗ ದಬ್ಬತದ, ಅದಕ್ಕ ತಡಿಯೋ ಗ್ವಾಡಿ ಕಟ್ಟಬಹುದು, ಹಿಂದ ಮುರುಮ್ ತುಂಬಿ ನೀರು ಹೋಗ್ಲಾಕ ಪೈಪ್ ಹಾಕಿ ಎಲ್ಲಾ ಮಾಡಬಹುದು, ಆದ್ರ ರೊಕ್ಕ. ರೊಕ್ಕದ ಮಾತು ಬಂದ ಮ್ಯಾಲ ಸೆಲ್ಲರ್ ತಾನೇ ಬಿದ್ದು ಹೋಯ್ತು. ಹಿಂದಿನ ಭಾಗದಾಗ ತಳಮಜಲು ಖಾಲಿ ಬಿಟ್ಟು ಕಂಬದ ಮ್ಯಾಲ ಎತ್ತಿದ್ವಿ. ಕಾರು ನಿಲ್ಲೋ ಜಾಗ ಎರಡೂವರೆ ಮೀಟರಿಗೆ ಐದು ಮೀಟರ್ ಅಷ್ಟೇ, ಆದ್ರ ಹೊರಳಸೋ ಜಾಗ ಕಂಬ ಎಲ್ಲಾ ಹಿಡದು ಒಂದಕ್ಕ 28 ಚದರ ಮೀಟರ್, ಅಂದ್ರ 300 ಚದರಡಿ ಹಿಡೀಬೇಕಾಗ್ತದ, ನಮಗ ಸಿಕ್ಕಿದ್ದು 7,200, ಅದರಾಗ 24 ಕಾರು. ಕಂಬದ ನಡುವ 8.4 ಮೀಟರ್ ಇಟ್ಟೆ, ಮೂರು ಕಾರು ಬಾಗಲ ತೆಗೆಯೋಷ್ಟು ಸಲೀಸಾಗಿ ಕೂಡ್ತಾವ, ಅದೇ ಅಳತಿ ಮ್ಯಾಲಿನ ಮಜಲಿನಾಗ ಎರಡು ಅಂಗಡಿಗೆ ಸರಿಯಾಗ್ತದ, ಒಂದಕ್ಕ 13 ಅಡಿ ಮುಖ. ಈ ಒಂದು ಅಳತಿ ಸಿಗ್ಲಾಕ ನಾಲ್ಕು ದಿನ ಹೋಗಿತ್ತು, ಯಾರೂ ನೋಡಂಗಿಲ್ಲ ಅದನ್ನ, ನನಗ ಮಾತ್ರ ಆ ಬಿಲ್ಡಿಂಗಿನಾಗ ಭಾಳ ಸೇರಿದ್ದು ಅದೇ.

ಒಂದು ದಿನ ಮಗ ಹೊಸಾ ವಿಚಾರ ತಂದ, ಮೊದಲ ಮಜಲಿಗೂ ಕಾರ್ ಏರಸೋಣ, ಲಿಫ್ಟ್ ಹಾಕಿ, ರೋಡಿನಿಂದ ಕಾಣ್ತದ. ಸಾಹುಕಾರ್ರಿಗೆ ಅಂಜಿಕಿ, ಸ್ಲ್ಯಾಬ್ ತಡೀತದೇನ್ರಿ ಎರಡು ಟನ್ ಗಾಡಿ? ನಾ ಹೇಳಿದ್ದಕ್ಕ ಅವರು ಇವತ್ತಿಗೂ ಪೂರಾ ನಂಬಿಲ್ಲ. ಎರಡು ಟನ್ ಕಾರು 12.5 ಚದರ ಮೀಟರ್ ಜಾಗದಾಗ ನಿಲ್ತದ, ಭಾಗಿಸಿದ್ರ ಚದರ ಮೀಟರಿಗೆ 160 ಕಿಲೋ. ಬಿಲ್ಡಿಂಗ್ ಎಷ್ಟು ಭಾರ ತಡೀಬೇಕು ಅಂತ ಹೇಳೋ ಐಎಸ್ 875 ಕೋಡಿನಾಗ ಸಣ್ಣ ಗಾಡಿ ನಿಲ್ಲೋ ನೆಲಕ್ಕ 250 ಕಿಲೋ ಸುಮಾರು ಹಿಡೀರಿ ಅಂತಾರ, ಅಂಗಡಿಗೆ 400. ಅಂದ್ರ ಕಾರಿಗಿಂತ ಸೀರಿ ಅಂಗಡಿ ಭಾರ. ಗಾಲಿ ತಳಗಿನ ಒತ್ತಡ ಬ್ಯಾರೆ ನೋಡಬೇಕಾಗ್ತದ, ಅದು ಖರೇ, ಆದ್ರ ಒಟ್ಟು ಲೆಕ್ಕಕ್ಕ ಬಟ್ಟಿ ಗಂಟು ಕಟ್ಟಿ ಪೇರಿಸಿ, ಮ್ಯಾಲ ಹಬ್ಬದ ದಿನ ಐವತ್ತು ಮಂದಿ ಹೆಣ್ಣುಮಕ್ಕಳು ಒಂದೇ ಕಡೆ ಕುಂತ್ರ ಯಾವ ಎಸ್‌ಯುವಿ ಲೆಕ್ಕ? "ನಮ್ಮ ಮನಿಯವರಿಗೆ ಹೇಳಬ್ಯಾಡ್ರಿ ಇದನ್ನ" ಅಂದ್ರು ಸಾಹುಕಾರ್ರು.

ಆ ಹುಡುಗಗ ಹುರುಪು ಬರಲಿ ಅಂತ ನಾ ಫೋಟೋ ತೋರಸ್ತಿದ್ದೆ. ಅಮೆರಿಕಾದ ಆರ್ಕಿಟೆಕ್ಟ್ ಫ್ರಾಂಕ್ ಲಾಯ್ಡ್ ರೈಟ್ 1955ರಾಗ ನ್ಯೂಯಾರ್ಕಿನ ಪಾರ್ಕ್ ಅವೆನ್ಯೂದಾಗ ಮಾಡಿದ ಕಾರ್ ಶೋರೂಮ್, ಸಣ್ಣ ಜಾಗ, ಅದರಾಗೇ ಸುತ್ತಿ ಏರೋ ರ್‍ಯಾಂಪ್, ಕಾರು ಅದರ ಮ್ಯಾಲ ನಿಂತಿರ್ತಿದ್ವು. ನಾಲ್ಕು ವರ್ಷ ಆದ ಮ್ಯಾಲ ಅದೇ ಊರಾಗ ಗುಗ್ಗನ್‌ಹೈಮ್ ಮ್ಯೂಸಿಯಮ್ ತೆರೀತು, ಅಲ್ಲಿ ಅದೇ ಸುತ್ತು ಮಂದಿಗೆ. ಮ್ಯೂಸಿಯಮ್ ಉಳೀತು, ಶೋರೂಮನ್ನ 2013ರಾಗ ಒಳಗಿಂದೊಳಗ ಒಡದು ಹಾಕಿದ್ರು. ಇಟಲಿಯ ಟ್ಯೂರಿನ್‌ದಾಗ ಫಿಯಟ್‌ದವರ ಲಿಂಗೊಟ್ಟೋ ಅದ, 1923ರಾಗ ಶುರುವಾದ ಕಾರ್ಖಾನಿ, ಒಂದೊಂದೇ ಮಜಲು ಏರ್ತಾ ಕಾರು ತಯಾರಾಗೋದು, ಮಾಳಗಿ ಮ್ಯಾಲ ಓಡಿಸಿ ನೋಡೋ ಟ್ರ್ಯಾಕ್. 1982ರಾಗ ಕಾರ್ಖಾನಿ ಬಂದಾತು, ಆರ್ಕಿಟೆಕ್ಟ್ ರೆಂಜೊ ಪಿಯಾನೊ ಅದನ್ನ ಅಂಗಡಿ, ಹೋಟೆಲ್, ಸಭಾಂಗಣ ಎಲ್ಲಾ ಇರೋ ಜಾಗ ಮಾಡಿದ. ಮಗ ಕಣ್ಣು ಅಗಲ ಮಾಡಿ ನೋಡಿದ. ಸಾಹುಕಾರ್ರು ಹಿಂದಿನಿಂದ ಇಣಿಕಿ ಒಂದೇ ಪ್ರಶ್ನೆ ಕೇಳಿದ್ರು, "ಅಲ್ಲಿ ಧೂಳು ಅದ ಏನು?"

ಅವರ ಪ್ರಶ್ನೆ ಸಣ್ಣದಲ್ಲ. ನಮ್ಮ ಕಡೆ ಶೋರೂಮಿನಾಗ ಮುಂಜಾನಿ ಒಬ್ಬ ಹುಡುಗ ಎಲ್ಲಾ ಕಾರು ಒರಸ್ತಾನ, ಮಧ್ಯಾಹ್ನ ಮತ್ತ ಒರಸ್ತಾನ. 20 ಅಡಿ ಗಾಜು ಹೊರಗಿನಿಂದ ತೊಳಿಯೋದು ಯಾರು, ಹ್ಯಾಂಗ, ಏಪ್ರಿಲ್‌ದಾಗ ನೀರೆಲ್ಲಿಂದ, ಇದಕ್ಕ ಪಿಡಿಎಫ್‌ದಾಗ ಪೇಜಿಲ್ಲ. ಚಜ್ಜಾಕ್ಕ ತಳಗಿನಿಂದ ನಾಲ್ಕು ಕಬ್ಬಿಣದ ಹುಕ್ಕು ಹಾಕಿಸಿದೆ, ಹಗ್ಗ ಕಟ್ಟಿ ಒಬ್ಬಾಂವ ನಿಂತು ತೊಳೀಲಿ ಅಂತ. ಈ ಹುಕ್ಕಿನ ಮಾತು ಮುಂದ ಬರ್ತದ.

ಮ್ಯಾಲಿನ ಗ್ವಾಡಿಗೆ ಎಸಿಪಿ ಹಾಳಿ, ಅಂದ್ರ ಎರಡು ತೆಳ್ಳನ ಅಲ್ಯುಮಿನಿಯಮ್ ಪದರ ಕೂಡಿಸಿದ ಹಾಳಿ, ಹಾಕೋ ಮುಂದ ಒಂದು ಜಗಳಾ ಆಯ್ತು, ಕಡಿಮಿ ರೇಟಿಂದು ಹಾಕೋಣ ಅಂತ ಕಾಂಟ್ರ್ಯಾಕ್ಟರ್. ಆ ಹಾಳಿ ನಡುವ ಸಾದಾ ಪ್ಲಾಸ್ಟಿಕ್ ಇದ್ರ ಬೆಂಕಿ ಹತ್ತಿದಾಗ ಬತ್ತಿಯಂಗ ಉರೀತದ, 2017ರಾಗ ಲಂಡನ್ನಿನ ಗ್ರೆನ್‌ಫೆಲ್ ಟವರ್‌ದಾಗ ಅಂಥಾ ಹಾಳಿ ಹಿಡಕೊಂಡೇ ಬೆಂಕಿ ಮ್ಯಾಲ ಏರಿ 72 ಮಂದಿ ಸತ್ರು. ನಮ್ಮ ಮ್ಯಾಲಿನ ಮಜಲಿನಾಗ ಕೋಚಿಂಗ್ ಕ್ಲಾಸು, ಇನ್ನೂರು ಹುಡುಗರು. ಇದೊಂದರಾಗ ನಾ ಸೋಲಲಿಲ್ಲ. ಕರೆಂಟ್ ಕಾರಿನ ಚಾರ್ಜಿಂಗ್ ಪಾಯಿಂಟಿನ ವೈರಿಗೆ ಪೈಪನ್ನೂ ಮೊದಲೇ ಹಾಕಿಸಿದ್ದು ಹಂಗೇ, 2019ರಾಗ ಕೇಂದ್ರ ಸರಕಾರದ ಬಿಲ್ಡಿಂಗ್ ನಿಯಮದ ಮಾದರಿ, ಮಾಡೆಲ್ ಬೈಲಾ ಅಂತಾರಲ್ಲ, ಅದರಾಗ ಪಾರ್ಕಿಂಗಿನ 20 ಪರ್ಸೆಂಟಿಗೆ ಇರಲಿ ಅಂತ ಸೇರಿಸ್ಯಾರ, 24ಕ್ಕ ಐದು. ಈಗ ಅದರಾಗ ಎರಡು ನಡೀಲಾಕತ್ತಾವ.

ಮಿಕ್ಸೆಡ್ ಯೂಸಿನ ಖರೇ ಮಜಾ ನನಗ ಗೊತ್ತಾಗಿದ್ದು ಬಿಲ್ಡಿಂಗ್ ಶುರುವಾದ ಮ್ಯಾಲ. ಶೋರೂಮಿಗೆ ಮಂದಿ ಬರೋದು ಮುಂಜಾನಿ ಹನ್ನೊಂದರಿಂದ ಒಂದು, ಕೋಚಿಂಗ್ ಹುಡುಗರು ನಸುಕಿನಾಗ ಮತ್ತ ಸಂಜಿ, ದವಾಖಾನಿಗೆ ಆರರ ಮ್ಯಾಲ, ಅಂಗಡಿಗೆ ಏಳರಿಂದ ಒಂಬತ್ತೂವರೆ. ಅದೇ 24 ಜಾಗ ದಿನಕ್ಕ ನಾಲ್ಕು ಸಲ ಬ್ಯಾರೆ ಬ್ಯಾರೆಯವರು ಉಪಯೋಗ ಮಾಡ್ತಾರ, ಒಬ್ಬರಿಗೊಬ್ಬರು ಮಾರಿ ಸೈತ ನೋಡಂಗಿಲ್ಲ. ವರ್ಕ್‌ಶಾಪ್ ಮಾತ್ರ ಇಲ್ಲಿ ಬ್ಯಾಡ ಅಂತ ಮೊದಲೇ ಹೇಳಿದ್ದೆ, ಆಯಿಲ್ ನೀರು, ಪೇಂಟಿನ ವಾಸನಿ, ಬಡಿಯೋ ಸಪ್ಪಳ, ಮ್ಯಾಲ ದವಾಖಾನಿ ಇಟ್ಟು ತಳಗ ಅದು ಹೊಂದಂಗಿಲ್ಲ. ಅದನ್ನ ರಿಂಗ್ ರೋಡಿನ ಆ ಕಡೆ ಬ್ಯಾರೆ ಶೆಡ್‌ದಾಗ ಮಾಡ್ಯಾರ.

ಈಗ ನನ್ನ ತಪ್ಪಿನ ಕತಿ.

ಕಂಪನಿ ಟೈಲ್ಸ್ ಪೂರಾ ಶೋರೂಮಿಗೆ, ಆದ್ರ ಡೆಲಿವರಿ ಜಾಗಕ್ಕ, ಹೊಸಾ ಕಾರಿಗೆ ರಿಬ್ಬನ್ ಕಟ್ಟಿ ಕೀಲಿ ಕೈ ಕೊಡ್ತಾರಲ್ಲ, ಅದಕ್ಕ ನಮ್ಮ ಶಹಾಬಾದ್ ಫರ್ಸಿ ಹಾಕಬೇಕು ಅಂತ ನನ್ನ ಹಟ. 40 ಕಿಲೋಮೀಟರ್ ಒಳಗ ಸಿಗೋ ಕಲ್ಲು, ನಮ್ಮ ಅಜ್ಜನ ಮನಿ ನೆಲಾನೂ ಅದೇ, ಬ್ಯಾಸಗ್ಯಾಗ ಅದರ ಮ್ಯಾಲ ಬರಿ ಮೈಲೆ ಮಲಗಿದೋರಿಗೆ ಗೊತ್ತು ಅದರ ತಂಪು. ಕಂಪನಿಯವರು ಹ್ಯಾಂಗೋ ಒಪ್ಪಿದ್ರು. ನಾ ಉಬ್ಬಿ ಅದಕ್ಕ ಕನ್ನಡಿಯಂಗ ಪಾಲಿಶ್ ಹೊಡಸಿದೆ, ಬೂದಿ ಬಣ್ಣದ ನೆಲದಾಗ ಬಿಳಿ ಕಾರಿನ ನೆರಳು ನೀರಾಗ ಕಂಡಂಗ ಕಾಣ್ತಿತ್ತು. ಪಾಲಿಶ್ ಹೊಡಿಯೋ ದಿನ ಗೌಂಡಿ, ಐವತ್ತು ದಾಟಿದ ಮನಶ್ಯ, ಮಷಿನ್ ಬಂದ್ ಮಾಡಿ ಕೇಳಿದ, "ಸಾಬ್, ಇಲ್ಲಿ ಏನ್ ನಡೀತದ?" ಕಾರ್ ಪೂಜಾ ನಡೀತದ ಅಂದೆ. "ಅಲ್ರೀ ಮತ್ತ ನಿಂಬಿಕಾಯಿ?" ಅಂದ. ನನಗ ಅದು ತಲಿಗೇ ಹೋಗಲಿಲ್ಲ, ಮೊದಲು ಪಾಲಿಶ್ ಹೊಡಿ ಮಾರಾಯ ಅಂದೆ.

ಬನ್ನಿ ಹಬ್ಬದ ದಿನ ಹದಿನಾಲ್ಕು ಕಾರು ಡೆಲಿವರಿ. ನಾ ಹೊಸಾ ಅಂಗಿ ಹಾಕೊಂಡು ಹೋಗಿದ್ದೆ. ಮೊದಲ ಕಾರು ಜೇವರ್ಗಿ ಕಡೆಯ ಒಂದು ಕುಟುಂಬದ್ದು, ಅಜ್ಜಿ, ಮೊಮ್ಮಕ್ಕಳು, ಹೂವಿನ ಮಾಲಿ, ಬಾನೆಟ್ ಮ್ಯಾಲ ಅರಿಷಿಣ ಕುಂಕುಮದ ಸ್ವಸ್ತಿಕ. ನಾಲ್ಕು ಗಾಲಿ ತಳಗ ನಾಲ್ಕು ನಿಂಬಿಕಾಯಿ. ಅಜ್ಜಿ ತಾನೇ ಬಗ್ಗಿ ಒಂದೊಂದೂ ಸರಿ ಮಾಡಿ ಇಟ್ಳು, ಮಗ ಗಾಡಿ ಚಾಲೂ ಮಾಡಿ ಮುಂದ ಸರಿಸಿದ, ಪಚ್ ಅಂತು. ಆಮ್ಯಾಲ ಟೆಂಗು ಎಲ್ಲಿ ಒಡೀಬೇಕು ಅಂತ ಹುಡುಕಿದ್ರು, ಜಾಗ ಇಲ್ಲ, ನಾ ಬರದೇ ಇಲ್ಲ ಡ್ರಾಯಿಂಗಿನಾಗ, ಕಡೀಕ ಬಾಗಲ ಮುಂದಿನ ರ್‍ಯಾಂಪಿನ ಮೂಲಿಗೆ ಒಡದ್ರು, ನೀರು ಹರದು ಒಳಗ ಬಂತು, ಸೇಲ್ಸ್ ಹುಡುಗಿ ಜಾರಿದ್ಳು, ಪುಣ್ಯಾಕ್ಕ ಬೀಳಲಿಲ್ಲ. ಕಾರು ಹೊರಗ ಹೋಯ್ತು, ಸೀದಾ ಶರಣಬಸಪ್ಪನ ಗುಡಿಗೆ. ಹಿಂದಿಂದು ಬಂತು, ಅದು ದರ್ಗಾಕ್ಕ ಹೋಗೋರದ್ದು, ನಿಂಬಿಕಾಯಿ ಅವರೂ ಇಟ್ರು. ಸಂಜಿಗೆ ನೆಲಾ ಒರಸಿದ ಮ್ಯಾಲ ನೋಡಿದ್ರ ಕಲ್ಲಿನ ಮ್ಯಾಲ ಅಲ್ಲಲ್ಲಿ ಬಿಳಿ ಬಿಳಿ ಮಚ್ಚಿ. ಒರಸಿದ್ರು, ಸೋಪ್ ಹಾಕಿದ್ರು, ಹೋಗಲಿಲ್ಲ. ಹೋಗೋದೇ ಇಲ್ಲ, ಯಾಕಂದ್ರ ಅದು ಕಲೆ ಅಲ್ಲ, ಹುಳಿ ಕಲ್ಲನ್ನ ತಿಂದದ. ಶಹಾಬಾದ್ ಕಲ್ಲು ಅಂದ್ರ ಸುಣ್ಣದ ಕಲ್ಲು, ಅದೇ ಕಲ್ಲಿನ ಸಲುವಾಗಿ ನಮ್ಮ ಸುತ್ತ ಇಷ್ಟು ಸಿಮೆಂಟ್ ಫ್ಯಾಕ್ಟರಿ ಅವ, ನಿಂಬಿ ಹುಳಿ ಬಿದ್ರ ಪಾಲಿಶ್ ಹೋಗಿ ಒಳಗಿನ ಬೆಳ್ಳನ ಮೈ ಕಾಣ್ತದ. ಮನಿಗೆ ಬಂದು ಅವ್ವಗ ಹೇಳಿದೆ. ಅಕಿ ಅಡಗಿ ಮನಿ ಕಟ್ಟಿ ತೋರಿಸಿ, "ಹುಣಸಿಹಣ್ಣ ಇಟ್ಟಲ್ಲಿ ನೋಡು, ನೀ ಹುಟ್ಟೋಕಿಂತ ಮುಂಚಿಂದು" ಅಂದ್ಳು.

ಗೌಂಡಿಗೆ ಫೋನ್ ಮಾಡಿದೆ. ಒಂದು ಮಾತು ಸೈತ ಚುಚ್ಚಲಿಲ್ಲ ಆತ, ಬಂದು ಗಾಲಿ ಹೋಗೋ ದಾರಿಗೆ ಎರಡೆರಡು ಅಡಿ ಅಗಲದ ಕರಿ ಗ್ರಾನೈಟ್ ಪಟ್ಟಿ ಉದ್ದಕ್ಕ ಕೂಡಿಸಿದ, ಗ್ರಾನೈಟಿಗೆ ನಿಂಬಿ ಹುಳಿ ಏನೂ ಮಾಡಂಗಿಲ್ಲ. ಮೂಲಿಗೆ ಟೆಂಗು ಒಡೀಲಾಕ ಒಂದು ಕಲ್ಲು, ಅದರ ಸುತ್ತ ಜಾಳಿಗಿ, ನೀರು ಸೀದಾ ಗಿಡದ ಪಾತಿಗೆ. ಈಗ ಅಲ್ಲಿ ಒಂದು ಸಣ್ಣ ಬೇವು ಹಚ್ಯಾರ. ಒಟ್ಟು ಖರ್ಚು ನನ್ನ ಫೀಸಿನಾಗ ಕಟ್ ಆಯ್ತು. ಮೊದಲಿನ ಮಚ್ಚಿ ಎರಡು ಮೂರು ಪಟ್ಟಿ ಹೊರಗ ಉಳದಾವ, ಸಣ್ಣ ಕಾರಿನವು, ಅವುಗಳ ಗಾಲಿ ನಡುವಿನ ಅಂತರ ಕಮ್ಮಿ.

ಹೋದ ವಾರ ಆ ಕಡೆ ಹೋಗಿದ್ದೆ, ಸಂಜಿ ನಾಲ್ಕೂವರೆ ಇರಬೇಕು, 42 ಡಿಗ್ರಿ ಅಂತ ಫೋನ್ ತೋರಸ್ತಿತ್ತು. ರೋಡಿನ ಆ ಕಡೆ ಗಾಡಿ ನಿಲ್ಲಿಸಿ ನೋಡಿದ್ರ ನನ್ನ 70 ಅಡಿ ಗಾಜು ಕಾಣವಲ್ದು. ಈ ಮೂಲಿಯಿಂದ ಆ ಮೂಲಿ ತನಕ ಹಸಿರು ನೆಟ್ ಕಟ್ಟ್ಯಾರ, ನರ್ಸರಿಯವರು ಕಟ್ತಾರಲ್ಲ, ಅಂಥಾದ್ದು. ಎದಕ್ಕ ಕಟ್ಟ್ಯಾರ ಅಂದ್ರ ಗಾಜು ತೊಳೀಲಾಕ ನಾ ಹಾಕಿಸಿದ್ದ ಹುಕ್ಕಿಗೆ. ಕಂಪನಿಯವರು ಏನೂ ಅನ್ನಲಿಲ್ಲೇನು ಅಂತ ಮ್ಯಾನೇಜರ್‌ಗೆ ಕೇಳಿದೆ, ಅವರು ಬರೋ ದಿನ ಬಿಚ್ತೀವ್ರಿ ಸರ್, ಮುಂಜಾನಿನೇ ಬಂದು ಹೋಗ್ತಾರ ಅವರು, ಅಂದ.

ಶೋರೂಮಿನಾಗ ಒಂದು ಗಿರಾಕಿ ಇಲ್ಲ. ಬಾಜುಕಿನ ಅಂಗಡಿ ಮುಂದ, ಆ ಪಡಸಾಲಿಯಾಗ, ಕಾಲಿಡ್ಲಾಕ ಜಾಗ ಇಲ್ಲ. ಕೋಚಿಂಗ್ ಹುಡುಗರು ಮೆಟ್ಟಲ ಮ್ಯಾಲ ಕುಂತಾರ, ದವಾಖಾನಿಗೆ ಬೇಗ ಬಂದ ಒಬ್ಬಾಕಿ ಕೂಸಿಗೆ ಗಾಳಿ ಹಾಕ್ಲಾಕತ್ಯಾಳ, ಚಹಾದ ಬಂಡಿಯವ ಬಂಡಿ ಅರ್ಧ ಒಳಗ ತಂದು ನಿಲ್ಲಿಸ್ಯಾನ. ಮೂರು ಪ್ಲಾಸ್ಟಿಕ್ ಕುರ್ಚಿ ಹಾಕೊಂಡು ಸೇಲ್ಸ್ ಹುಡುಗ, ಒಬ್ಬ ರೈತ, ಆತನ ಅಳಿಯ, ನಡುವ ಕ್ಯಾಟಲಾಗ್ ತೆರದಿಟ್ಟು ಮೈಲೇಜಿನ ಲೆಕ್ಕ ನಡದದ. ಸಾಹುಕಾರ್ರು ಕಂಬಕ್ಕ ಬೆನ್ನು ಕೊಟ್ಟು ಕುಂತಿದ್ರು, ಒಳಗ ಅವರ ಎಸಿ ಕ್ಯಾಬಿನ್ ಖಾಲಿ. ನನ್ನ ನೋಡಿ ಸರಕೊಂಡು ಜಾಗ ಮಾಡಿದ್ರು.

"ಕೂಡ್ರಿ ಇಂಜಿನಿಯರ್ ಸಾಬ್. ಆ ಕಡೆ ಹತ್ತು ಅಡಿ ಇನ್ನೊಂದು ಖಾಲಿ ಅದ ನೋಡ್ರಿ, ಅಲ್ಲೂ ಒಂದು ಪತ್ರಾ ಇಳಿಸಿಬಿಡೋಣೇನು, ಕಂಪನಿಯವರಿಗೆ ಹೇಳೋದು ಬ್ಯಾಡ?"

ಬಂಡಿಯವಗ ಎರಡು ಚಹಾ ಹೇಳಿದ್ರು. ನಾ ಬ್ಯಾಗಿನಿಂದ ಟೇಪ್ ತೆಗದೆ.